ದೇವರ ಗೂಡಿಗೇರಿದ ಟೋಪಿ

ಪರರ ತಲೆಯ ಬಗ್ಗೆ ಚಿಂತಿಸಿ ಸಂಬಳ ತೆಗೆದುಕೊಂಡವರು ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ಇರಲಿಲ್ಲ. ನಮ್ಮದು ಮುಳಬಾಗಿಲು ತಾಲ್ಲೂಕಿನ ಆವನಿ ಕಡೆ ರಾಗಿ ಬೆಳೆಯುವ ಮನೆ. ಕೋಲಾರದಲ್ಲಿ ಹೈಸ್ಕೂಲು ಮುಗಿಸಿ ಬಂದ ನನಗೆ ಕನ್ನಡ, ತೆಲುಗು ಹುಟ್ಟಿನಿಂದ, ತಮಿಳು ನೆರೆಹೊರೆಯಿಂದ, ಇಂಗ್ಲಿಷು ಮೇಷ್ಟರ ಬೆತ್ತದಿಂದ ಬಂದಿದ್ದವು. ಈ ಯೋಗ್ಯತೆಯನ್ನು ಮೆಚ್ಚಿ ಚಿನ್ನದ ಗಣಿಯವರು ತಮ್ಮ ಸೇಫ್ಟಿ ಆಫೀಸಿನಲ್ಲಿ ಒಂದು ಕುರ್ಚಿ ಕೊಟ್ಟರು. ಆಗ ಮೂವತ್ತರ ದಶಕ ಮುಗಿಯುತ್ತ ಬಂದಿತ್ತು.

ನನ್ನ ಕೆಲಸ ಇಷ್ಟೇ. ಆಫೀಸಿನ ದೊರೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಪಾಳಿಗೆ ಇಳಿಯುವ ಜನಕ್ಕೆ ಅವರವರ ಮಾತಿನಲ್ಲಿ ಹೇಳಬೇಕು. ಅವರು ತಿರುಗಿ ಹೇಳಿದ್ದರಲ್ಲಿ ದೊರೆಯ ಕಿವಿಗೆ ಹಾಕಬಹುದಾದಷ್ಟನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಬೇಕು. ಮದ್ದು ಸಿಡಿಸಿದ ಮೇಲೆ ಹೊಗೆ ಆರುವ ತನಕ ಒಳಗೆ ನುಗ್ಗಬೇಡಿ, ಕಲ್ಲು ಕೊರೆಯುವಾಗ ನೀರು ಬಿಟ್ಟುಕೊಳ್ಳಿ, ಧೂಳು ಕುಡಿಯಬೇಡಿ ಎಂದು ದಿನಾ ಬೆಳಗ್ಗೆ ಗಣಿಬಾಯಿಯ ಮುಂದೆ ನಿಂತು ಸಾರುತ್ತಿದ್ದೆ. ಮದುವೆಮನೆಯಲ್ಲಿ ಪುರೋಹಿತರ ಮಂತ್ರ ಕೇಳುವಂತೆ ಅವರು ಕೇಳುತ್ತಿದ್ದರು. ಭಕ್ತಿಗೇನೂ ಕಡಿಮೆಯಿರಲಿಲ್ಲ. ಅದು ತಮಗೆ ಹೇಳಿದ್ದು ಅಂತ ಮಾತ್ರ ಒಬ್ಬನೂ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಗಟ್ಟಿ ಟೋಪಿಗಳು ಬಂದವು. ಅಲ್ಲಿಯವರೆಗೆ ನಮ್ಮವರು ತಲೆಗೆ ರುಮಾಲು ಸುತ್ತಿಕೊಂಡೇ ಪಾತಾಳಕ್ಕೆ ಇಳಿಯುತ್ತಿದ್ದರು. ಮೇಲಿಂದ ಬೀಳುವ ಕಲ್ಲಿಗೆ ಬಟ್ಟೆಯ ಮೇಲೆ ವಿಶೇಷ ಗೌರವವೇನೂ ಇರಲಿಲ್ಲ. ಹೊಸ ಟೋಪಿ ಬೋರಲು ಹಾಕಿದ ಬಾಣಲೆಯ ಹಾಗಿತ್ತು, ಬಡಿದರೆ ಟಣ್ ಎನ್ನುತ್ತಿತ್ತು. ಕಂಪನಿಯವರು ಎಲ್ಲರಿಗೂ ಟೋಪಿ ಹಾಕಲು ಹೊರಟಿದ್ದಾರೆ ಎಂಬ ಮಾತು ಕೆಲಸಗಾರರ ಲೈನುಮನೆಗಳಲ್ಲಿ ಹಬ್ಬಲು ಅರ್ಧ ದಿನವೂ ಬೇಕಾಗಲಿಲ್ಲ.

ಇದನ್ನು ಜನ ಒಪ್ಪಬೇಕಾದರೆ ಏನು ಮಾಡಬೇಕು ಎಂದು ಆಫೀಸಿನಲ್ಲಿ ದೊಡ್ಡ ಆಲೋಚನೆ ನಡೆಯಿತು. ನವರಾತ್ರಿ ಹತ್ತಿರವಿತ್ತು. ಆಯುಧಪೂಜೆಯ ದಿನ ಸುತ್ತಿಗೆ, ಹಾರೆ, ಕೊರೆಯುವ ಮೆಷಿನ್ನು ಎಲ್ಲಕ್ಕೂ ಗಣಿಬಾಯಿಯ ಅಮ್ಮನವರ ಮುಂದೆ ಪೂಜೆ ಆಗುವುದನ್ನು ದೊರೆ ಹಿಂದಿನ ವರ್ಷ ಕಂಡಿದ್ದರು. ಟೋಪಿಗಳನ್ನೂ ಅಲ್ಲೇ ಇಟ್ಟು, ಅವರ ಪದ್ಧತಿಯಲ್ಲೇ ಪೂಜೆ ಮಾಡಿಸಿ ಹಂಚೋಣ ಎಂದರು. ಆಫೀಸಿಗೆ ಆಫೀಸೇ ತಲೆದೂಗಿತು. ಟೋಪಿಗಳು ರಾಶಿಯಾಗಿ ಕೂತವು. ಪೂಜಾರಿ ಒಂದೊಂದಕ್ಕೂ ವಿಭೂತಿ ಎಳೆದು, ಕುಂಕುಮವಿಟ್ಟು, ಕರ್ಪೂರ ತೋರಿಸಿ, ಅಮ್ಮನವರ ಪಾದಕ್ಕೆ ಮುಟ್ಟಿಸಿ ಕೈಗೆ ಕೊಟ್ಟರು. ಜನ ಎರಡೂ ಕೈಯೊಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ದೊರೆಯ ಕಣ್ಣು ತುಂಬಿ ಬಂತು. ಕರ್ಪೂರದ ಹೊಗೆಯೂ ಇದ್ದಿರಬಹುದು.

ಹಬ್ಬ ಕಳೆದು ಪಾಳಿ ಶುರುವಾದ ಬೆಳಗ್ಗೆ ನೋಡಿದರೆ ಎಲ್ಲರ ತಲೆಯ ಮೇಲೂ ಅದೇ ಹಳೇ ರುಮಾಲು. ದೊರೆ ನನ್ನನ್ನು ನೋಡಿದರು. ನಾನು ಮೋಡ ನೋಡಿದೆ.

ಟೋಪಿಗಳು ಎಲ್ಲಿ ಹೋದವು ಎಂದು ಪತ್ತೆ ಮಾಡಲು ನನ್ನನ್ನು ಲೈನುಮನೆಗಳ ಕಡೆ ಅಟ್ಟಿದರು. ನಾನು ಮೊದಲು ಹೋದದ್ದು ಅಕ್ಕನ ಮನೆಗೆ. ಅಲ್ಲಿ ಕಾಫಿಯಾದರೂ ಸಿಗುತ್ತದೆ ಎಂಬ ಧೈರ್ಯ. ಅಕ್ಕನನ್ನು ಶ್ರೀನಿವಾಸಪುರದ ಹತ್ತಿರ ಯಲ್ದೂರಿನ ಮನೆತನಕ್ಕೆ ಕೊಟ್ಟಿತ್ತು. ಭಾವ ಊರಿನ ಮಾವಿನ ತೋಪನ್ನು ಅಣ್ಣಂದಿರಿಗೆ ಬಿಟ್ಟು ಬಂದು ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸ ಹಿಡಿದಿದ್ದರು. ಜೊತೆಗೆ ಅವರ ತಾಯಿ, ನಾನು ಅತ್ತೆ ಎನ್ನುತ್ತಿದ್ದವರು. ಅಕ್ಕ ಆಗ ಚೊಚ್ಚಲ ಬಾಣಂತನಕ್ಕೆ ಊರಿನ ನಮ್ಮ ಮನೆಯಲ್ಲಿದ್ದಳು.

ಅಡುಗೆಮನೆಯ ಗೋಡೆಯಲ್ಲಿ ದೇವರ ಗೂಡು. ಅದರಲ್ಲಿ ವೆಂಕಟರಮಣನ ಪಟ, ಒಂದು ಹಿತ್ತಾಳೆ ದೀಪ. ಅವುಗಳ ನಡುವೆ, ಇಬ್ಬರನ್ನೂ ಸ್ವಲ್ಪ ಸರಿಸಿ, ಸಾಕ್ಷಾತ್ ಗಟ್ಟಿ ಟೋಪಿ. ನೆತ್ತಿಯ ಮೇಲೆ ಒಂದು ಕಣಗಿಲೆ ಹೂವು.

ಇದು ತಲೆಗೆ ಹಾಕಿಕೊಳ್ಳಲು ಕೊಟ್ಟದ್ದು ಎಂದು ವಿನಯದಿಂದ ಅರಿಕೆ ಮಾಡಿದೆ. ಅತ್ತೆಗೆ ಸಂದೇಹವೇ ಇರಲಿಲ್ಲ. ಸುತ್ತಿಗೆ, ಹಾರೆಗಳ ಮಾತು ಬೇರೆ, ಅವು ಮೊದಲಿಂದ ದುಡಿಯುತ್ತಿದ್ದವು, ಹಬ್ಬಕ್ಕೆ ಒಂದು ದಿನ ಪೂಜೆ ಮಾಡಿಸಿಕೊಂಡು ಮತ್ತೆ ದುಡಿಯಲು ಹೋದವು. ಈ ಟೋಪಿ ಒಂದು ದಿನವೂ ದುಡಿದದ್ದಲ್ಲ. ಅಮ್ಮನವರ ಪಾದದಿಂದ ನೇರವಾಗಿ ಕೈಗೆ ಬಂದ ಪ್ರಸಾದ. ಅದನ್ನು ಎಲೆಅಡಿಕೆ ಉಗಿಯುವ, ಇನ್ನೂ ಏನೇನೋ ಮಾಡುವ ಆ ಗವಿಯೊಳಕ್ಕೆ, ಬೆವರು ತಲೆಯ ಮೇಲೆ ಹೊತ್ತುಕೊಂಡು ಹೋಗುವುದುಂಟೇ? ಭಾವ ಮೂಲೆಯಲ್ಲಿ ಕೂತು ಮುದ್ದೆ ಮುರಿಯುತ್ತಿದ್ದರು. ಅವರಿಗೆ ಟೋಪಿ ಮೊದಲೇ ಬೇಡವಾಗಿತ್ತು. ಈಗ ಬೇಡ ಎನ್ನುವ ಶ್ರಮವೂ ತಪ್ಪಿತು.

"ಅಮ್ಮ ಬ್ಯಾಡ ಅಂತಾರಲ್ಲಪ್ಪ," ಎಂದರು, ಪರಮ ವಿಧೇಯ ಪುತ್ರನ ಹಾಗೆ.

ಉಳಿದ ಮನೆಗಳಲ್ಲೂ ಹೆಚ್ಚುಕಡಿಮೆ ಇದೇ ದರ್ಶನ. ನರಸಾಪುರದ ಕಡೆಯವನೊಬ್ಬನ ಹೆಂಡತಿ ಮಾತ್ರ ಅದರಲ್ಲಿ ರಾಗಿ ಅಳೆಯುತ್ತಿದ್ದಳು. ಮಾಲೂರಿನವನೊಬ್ಬ ಹಬ್ಬಕ್ಕೆ ಊರಿಗೆ ಒಯ್ದಿದ್ದ. ಅಲ್ಲಿ ಅದರೊಳಗೆ ಕೋಳಿ ಕಾವಿಗೆ ಕೂತಿದೆ, ಮರಿ ಆಗುವ ತನಕ ಕದಲಿಸುವಂತಿಲ್ಲ ಎಂದು ತಿಳಿಸಿದ. ದೊರೆಗೆ ಏನು ಹೇಳಲಿ? ಟೋಪಿಗಳನ್ನು ಬಹಳ ಜೋಪಾನವಾಗಿ ಇಟ್ಟಿದ್ದಾರೆ ಎಂದೆ.

ಆ ಭಾನುವಾರ ಊರಿಗೆ ಹೋದಾಗ ನಗಿಸೋಣವೆಂದು ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಹೆತ್ತು ತಿಂಗಳಾಗಿತ್ತು, ಗಂಡುಮಗು. ತೊಟ್ಟಿಲು ತೂಗುತ್ತಿದ್ದ ಅವಳ ಕೈ ನಿಂತುಹೋಯಿತು. ಅವಳ ಲೈನುಮನೆಯ ಪಕ್ಕದ ಜಗಲಿಯ ಮೇಲೆ ಒಬ್ಬ ಮನುಷ್ಯ ದಿನವಿಡೀ ಕೂತಿರುತ್ತಿದ್ದ. ಗಣಿಯಲ್ಲಿ ಅವನ ತಲೆಗೆ ಕಲ್ಲು ಬಿದ್ದಿತ್ತು. ಜೀವ ಉಳಿಯಿತು, ಮಿಕ್ಕದ್ದು ಹೋಯಿತು. ಹೋಗಿಬರುವವರನ್ನೆಲ್ಲ "ಇವತ್ತು ಸೋಮವಾರವಾ?" ಎಂದು ಕೇಳುತ್ತಿದ್ದ. ಅವನ ಹೆಂಡತಿ ಎರಡು ಮನೆ ಪಾತ್ರೆ ತಿಕ್ಕಿ ಅವನಿಗೆ ತುತ್ತು ಹಾಕುತ್ತಿದ್ದಳು. ಅಕ್ಕ ಅವಳನ್ನು ದಿನಾ ನೋಡಿದವಳು.

"ನಿಮ್ಮ ಭಾವನಿಗೆ ಹೇಳು," ಎಂದಳು. "ಆ ಟೋಪಿ ಅವರ ತಲೆ ಏರೋತನಕ ನಾನು ಆ ಮನೆ ಮೆಟ್ಟಿಲು ಏರಲ್ಲ. ಮಗೂನೂ ಬರಲ್ಲ."

"ಅಲ್ಲ ಕಣೇ ಅಕ್ಕ, ಅತ್ತೆ..."

"ನಿಂಗೆ ಸಂಬಳ ಕೊಡೋದು ಯಾತಕ್ಕೋ? ಊರೋರ ತಲೆ ಕಾಯೋನು ಮನೇದೊಂದು ತಲೆ ಕಾಯಕ್ಕಾಗಲ್ವಾ?"

ನನ್ನ ಹುದ್ದೆಯ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಆದೇಶವನ್ನು ಆಫೀಸಿನವರೂ ಕೊಟ್ಟಿರಲಿಲ್ಲ. ಅಕ್ಕ ಆಡಿದಳೆಂದರೆ ಆಡಿದಂತೆ. ಭಾವನಿಗೆ ಸುದ್ದಿ ಮುಟ್ಟಿಸಿದೆ. ಅವರು ಆ ದಿನ ಮುದ್ದೆಯನ್ನು ಅರ್ಧಕ್ಕೇ ಬಿಟ್ಟರು. ಹೆಂಡತಿ ಒಂದು ಕಡೆ, ತಾಯಿ ಇನ್ನೊಂದು ಕಡೆ, ನಡುವೆ ಪಾಳಿ ಬಿಟ್ಟು ಹೋಗಲಾಗದೆ ಇನ್ನೂ ಮಗನ ಮುಖ ನೋಡದ ಮನುಷ್ಯ. ಒಂದು ವಾರದಲ್ಲಿ ಅವರ ರುಮಾಲೂ ಸಡಿಲವಾದಂತೆ ಕಾಣುತ್ತಿತ್ತು.

ನಾನು ದಿನ ಬಿಟ್ಟು ದಿನ ಅತ್ತೆಯ ಮುಂದೆ ಕೂತು ವಾದ ಮಾಡಿದೆ. ಅವರು ಅವರೆಕಾಯಿ ಬಿಡಿಸುತ್ತ ಕೇಳುತ್ತಿದ್ದರು. ಮೊಮ್ಮಗನನ್ನು ಕಾಣುವ ಆಸೆ ಅವರಿಗೂ ಇತ್ತು. ಆದರೆ ದೇವರ ಸೊತ್ತನ್ನು ಮೈಲಿಗೆ ಮಾಡಿ ಮೊಮ್ಮಗನಿಗೆ ಒಳ್ಳೆಯದಾಗುತ್ತದೆಯೇ ಎಂಬ ಹೆದರಿಕೆಯೂ ಇತ್ತು. ಕೊನೆಗೊಂದು ದಿನ ಬೇಸತ್ತು ತೆಲುಗು ಬೆರೆಸಿ ಹೇಳಿದರು:

"ಏಮಿ ನಾಯನಾ, ಗುಡಿಯೊಳಗಿರೋ ದೇವರನ್ನ ಯಾರಾದ್ರೂ ಬೀದಿಗೆ ತರ್ತಾರಾ?"

"ತರ್ತಾರಲ್ಲ ಅತ್ತೆ, ಮೆರವಣಿಗೆಗೆ."

"ಅದು ಉತ್ಸವಮೂರ್ತಿ. ಮೂಲದೇವರು ಕದಲಲ್ಲ. ಅಷ್ಟೂ ಗೊತ್ತಿಲ್ವಾ ಹೈಸ್ಕೂಲು ಓದಿದೋನಿಗೆ?"

 ಅವರೆಕಾಯಿ ಸಿಪ್ಪೆ ಮೊರಕ್ಕೆ ಬೀಳುತ್ತಿತ್ತು. ನಾನು ಗೂಡನ್ನು ನೋಡಿದೆ, ಅತ್ತೆಯನ್ನು ನೋಡಿದೆ. ಹಾಗಾದರೆ ಇದಕ್ಕೂ ಒಂದು ಉತ್ಸವಮೂರ್ತಿ ತಂದರೆ ಹೇಗೆ ಎಂದು ಮೆಲ್ಲಗೆ ಕೇಳಿದೆ. ಗೂಡಿನ ಟೋಪಿ ಗೂಡಿನಲ್ಲೇ ಇರಲಿ, ಹೂವು ಏರಿಸಿಕೊಂಡು ಸುಖವಾಗಿರಲಿ. ಸವಾರಿ ಹೋಗುವುದಕ್ಕೆ ಇನ್ನೊಂದು.

ಅತ್ತೆ ಬಹಳ ಹೊತ್ತು ಒಂದೇ ಕಾಯಿಯನ್ನು ಬಿಡಿಸಿದರು. ಶಾಸ್ತ್ರದಲ್ಲಿ ತಪ್ಪು ಹುಡುಕುತ್ತಿದ್ದರು, ಸಿಗಲಿಲ್ಲ.

"ತಂದ್ರೆ ತರಲಿ," ಎಂದರು. "ಆದ್ರೆ ನಾಯನಾ, ಈ ಸಲ ಪೂಜೆ ಗೀಜೆ ಮಾಡಿ ಕೊಡಬ್ಯಾಡಿ. ಹಂಗೇ ಕೊಡಿ."

ಮಾರನೆಯ ದಿನ ಸ್ಟೋರಿನ ಗುಮಾಸ್ತರ ಬಳಿ ಹೋದೆ. ಒಂದು ತಲೆಗೆ ಒಂದು ಟೋಪಿ ಎಂಬ ವಿಷಯದಲ್ಲಿ ಅವರು ಅತ್ತೆಗಿಂತ ಕಟ್ಟುನಿಟ್ಟು. ಎರಡು ತಲೆಯಿದ್ದವನನ್ನು ಕರೆದುಕೊಂಡು ಬಾ, ಎರಡು ಕೊಡುತ್ತೇನೆ ಎಂದರು. ಅಲ್ಲಿಂದ ದೊರೆಯ ಬಳಿಗೆ. ಮೂಲಮೂರ್ತಿ, ಉತ್ಸವಮೂರ್ತಿಗಳ ಭೇದವನ್ನು ಇಂಗ್ಲಿಷಿನಲ್ಲಿ ವಿವರಿಸುವ ಸಂದರ್ಭ ಬರಬಹುದೆಂದು ನಮ್ಮ ಮೇಷ್ಟರು ಊಹಿಸಿರಲಿಲ್ಲ. ಆಯುಧಪೂಜೆಯಿಂದ ಹಿಡಿದು ಅಕ್ಕನ ಪ್ರತಿಜ್ಞೆಯವರೆಗೆ ನನ್ನ ಶಕ್ತ್ಯನುಸಾರ ನಿವೇದಿಸಿದೆ. ದೊರೆ ಪೈಪು ಸೇದುತ್ತ ಕೇಳಿದರು. ಮನೆಯಲ್ಲಿರುವ ಟೋಪಿಯನ್ನು ದಿನಾ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ಒರೆಸಿ ಹೂವಿಡುತ್ತಾರೆ ಎಂದೆ. ನಮ್ಮ ಸ್ಟೋರಿನಲ್ಲಿ ಒರೆಸುವವರೂ ಇಲ್ಲವಲ್ಲ ಎಂದು ನಿಟ್ಟುಸಿರುಬಿಟ್ಟು, ಗೂಡಿಗೇರಿದ ಟೋಪಿಗಳಿಗೆಲ್ಲ ಜೋಡಿ ಕೊಡುವಂತೆ ಅಪ್ಪಣೆ ಮಾಡಿದರು. ಕೋಳಿಯ ಟೋಪಿಗೆ ಮಾತ್ರ ಈ ಸವಲತ್ತು ಸಿಗಲಿಲ್ಲ. ಅದು ಯಾವ ಸಂಪ್ರದಾಯಕ್ಕೂ ಸೇರುವುದಿಲ್ಲ ಎಂದು ತೀರ್ಮಾನವಾಯಿತು.

ಹೀಗೆ ಯಾವ ಮಂಗಳಾರತಿಯೂ ಇಲ್ಲದೆ, ತರಕಾರಿ ಹಂಚಿದಂತೆ ಹಂಚಿದ ಟೋಪಿಗಳು ತಲೆ ಏರಿದವು. ಭಾವ ಒಳಗೊಂದು ತೆಳ್ಳನೆಯ ವಸ್ತ್ರ ಸುತ್ತಿ ಅದರ ಮೇಲೆ ಟೋಪಿ ಕೂರಿಸಿದರು. ಹುಲ್ಲಿನ ಮೆದೆಯ ಮೇಲೆ ಕಾಗೆ ಕೂತ ಹಾಗಿತ್ತು. ಆದರೂ ಕೂತಿತ್ತು.

ಅಕ್ಕನಿಗೆ ಹೇಳಿಕಳಿಸಿದರೆ ನಂಬಲಿಲ್ಲ. ಕಣ್ಣಾರೆ ನೋಡಬೇಕು ಎಂದಳು. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಗಾಡಿ, ಬಸ್ಸು, ಜಟಕಾ ಎಲ್ಲ ಬದಲಿಸಿಕೊಂಡು ನಮ್ಮ ಅಮ್ಮನ ಜೊತೆ ಬಂದವಳು ಮನೆಗೆ ಹೋಗದೆ ಗಣಿಯ ಗೇಟಿನ ಮುಂದೆಯೇ ಜಟಕಾ ನಿಲ್ಲಿಸಿದಳು. ಪಾಳಿ ಬಿಡುವ ಹೊತ್ತು. ನಾನೂ ಹೋಗಿ ನಿಂತೆ. ಕಾವಲಿನವರು ಒಂದೊಂದು ಟೋಪಿಯನ್ನೂ ತೆಗೆಸಿ, ಒಳಗೆ ಚಿನ್ನ ಸಿಕ್ಕಿಸಿಕೊಂಡಿದ್ದಾರೇನೋ ಎಂದು ಬೆರಳಾಡಿಸಿ ಬಿಡುತ್ತಿದ್ದರು. ಹೊರಗೆ ಬಂದವರು ಟೋಪಿಯನ್ನು ಮತ್ತೆ ಹಾಕಿಕೊಳ್ಳುತ್ತಿದ್ದರು. ಎಲ್ಲರೂ ಒಂದೇ ಕೆಸರು, ಒಂದೇ ಟೋಪಿ. ಅಕ್ಕ ಕಣ್ಣು ಕಿರಿದು ಮಾಡಿ ಹುಡುಕಿದಳು. ಗಂಡ ಹತ್ತಿರ ಬಂದು ನಿಂತು ಹಲ್ಲು ಬಿಟ್ಟಾಗಲೇ ಗುರುತು ಸಿಕ್ಕಿದ್ದು. ಮಗ ತಂದೆಯನ್ನು ಮೊದಲ ಸಲ ನೋಡಿ ಕಿಟಾರನೆ ಕಿರುಚಿಕೊಂಡ.

"ತೆಗೀರಿ ಅದನ್ನ, ಮಗು ಹೆದರ್ಕೊಳ್ತದೆ," ಎಂದಳು ಅಕ್ಕ.

"ಹಾಕ್ಕೋ ಅಂದೋಳೂ ನೀನೇ, ತೆಗೀ ಅನ್ನೋಳೂ ನೀನೇ," ಎಂದರು ಭಾವ. ಆ ಹೊತ್ತಿನಲ್ಲಿ ಅವರಷ್ಟು ಸುಖಿ ಮೈಸೂರು ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಲೈನಿಗೆ ಬಂದಾಗ ಜಗಲಿಯ ಮೇಲಿದ್ದವನು ಇವತ್ತು ಸೋಮವಾರವಾ ಎಂದು ಕೇಳಿದ. ಹೌದಣ್ಣ ಎಂದಳು ಅಕ್ಕ. ಆ ದಿನ ನಿಜವಾಗಿಯೂ ಸೋಮವಾರವೇ ಆಗಿತ್ತು. ಅತ್ತೆ ಆರತಿ ಎತ್ತಿದರು, ಅಕ್ಕ ಮೆಟ್ಟಿಲು ಏರಿದಳು.

ಮಗು ಅಂಬೆಗಾಲಿಡುವ ಕಾಲಕ್ಕೆ ಒಂದು ಸಂಜೆ ನಾನು ಅಲ್ಲಿದ್ದೆ. ಭಾವ ಎಂದಿನ ಹೊತ್ತಿಗೇ ಬಂದರು, ಟೋಪಿಯನ್ನು ಬಾಗಿಲ ಪಕ್ಕ ಇಟ್ಟು ಕೈಕಾಲು ತೊಳೆಯಲು ಹೋದರು. ಮಗು ಅದನ್ನು ಎಳೆದಾಡುತ್ತಿತ್ತು. ಕಸಿದುಕೊಳ್ಳಲು ಹೋದ ಅಕ್ಕ ಹಾಗೇ ನಿಂತಳು. ನೆತ್ತಿಯ ಮೇಲೆ ಒಂದು ತಗ್ಗು ಬಿದ್ದು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಮುಷ್ಟಿ ಕಟ್ಟಿ ತಗ್ಗಿನಲ್ಲಿ ಇಟ್ಟು ನೋಡಿದಳು. ಮುಷ್ಟಿ ಸರಿಯಾಗಿ ಕೂತಿತು.

ಭಾವನನ್ನು ಕೇಳಿದರೆ, ಮಧ್ಯಾಹ್ನ ಏನೋ ಒಂದು ಬಿತ್ತು, ಕತ್ತು ಸ್ವಲ್ಪ ಹಿಡಿದುಕೊಂಡಿದೆ, ಸಾರು ಬಿಸಿ ಇದೆಯಾ ಎಂದರು. ಅಕ್ಕ ಬಡಿಸಿದಳು. ಮುದ್ದೆಯ ಮೇಲೆ ತುಪ್ಪ ಸುರಿಯುತ್ತಲೇ ಇದ್ದಳು. ಸಾಕು ಎನ್ನಲು ಭಾವನಿಗೂ ಮನಸ್ಸು ಬರಲಿಲ್ಲ.

ಪೆಟ್ಟು ತಿಂದ ಟೋಪಿಯನ್ನು ಮತ್ತೆ ಹಾಕಿಕೊಳ್ಳಕೂಡದು, ಆಫೀಸಿಗೆ ಒಪ್ಪಿಸಿ ಹೊಸದು ತೆಗೆದುಕೊಳ್ಳಬೇಕು ಎಂಬುದು ನಾನು ದಿನಾ ಸಾರುತ್ತಿದ್ದ ನಿಯಮ, ಯಾರೂ ಕೇಳುತ್ತಿರಲಿಲ್ಲ. ಅದನ್ನು ಹೇಳಲು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅತ್ತೆಯೇ ಟೋಪಿಯನ್ನು ಕೈಗೆತ್ತಿಕೊಂಡರು. ಭಿನ್ನವಾದ ಮೂರ್ತಿ ಮನೆಯಲ್ಲಿರಬಾರದು, ನೀರಿಗೆ ಬಿಡಬೇಕು ಎಂದರು. ನನ್ನ ನಿಯಮಕ್ಕೆ ಇಂಥ ಬಲವಾದ ಬೆಂಬಲ ಯಾವ ಆಫೀಸಿನಿಂದಲೂ ಸಿಕ್ಕಿರಲಿಲ್ಲ.

ಬೆಳಗ್ಗೆ ಅರಿಸಿನ ಕುಂಕುಮ ಹಚ್ಚಿ ಕೆರೆಗೆ ಒಯ್ದು ಬಿಟ್ಟರು. ಟೋಪಿ ಮುಳುಗಲಿಲ್ಲ. ದೋಣಿಯ ಹಾಗೆ ಒಂದು ಸುತ್ತು ತೇಲಿ ಗಾಳಿಗೆ ದಡಕ್ಕೆ ಬಂತು. ಅತ್ತೆ ಮತ್ತೆ ತಳ್ಳಿದರು, ಮತ್ತೆ ಬಂತು.

"ಹೋಗಲ್ಲ ಅಂತಾನೆ," ಎಂದು ಕೈ ಮುಗಿದು, ನೀರಿಗೆ ಬಿಟ್ಟದ್ದನ್ನು ತಿರುಗಿ ನೋಡಬಾರದೆಂದು ಮನೆಯ ಕಡೆ ನಡೆದರು. ತಿರುಗಿ ನೋಡಬಾರದೆಂಬ ನಿಯಮ ಸೇಫ್ಟಿ ಆಫೀಸಿಗೆ ಅನ್ವಯಿಸುವುದಿಲ್ಲವಾದ್ದರಿಂದ ನಾನು ಅದನ್ನು ಎತ್ತಿಕೊಂಡೆ. ಹಳೆಯದು ಕೊಡದೆ ಹೊಸದು ಕೊಡುವ ಪೈಕಿಯಲ್ಲ ಸ್ಟೋರಿನ ಆ ಗುಮಾಸ್ತರು. ಕುಂಕುಮ ಹತ್ತಿದ ಒದ್ದೆ ಟೋಪಿಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿ ಹೊಸದೊಂದನ್ನು ಮುಂದೆ ತಳ್ಳಿದರು.

ಪಾಳಿಗೆ ಮುಂಚೆ ಹೊಸದನ್ನು ಮನೆಗೆ ಮುಟ್ಟಿಸಿದೆ. ಗೂಡಿನಲ್ಲಿ ಮೂಲಮೂರ್ತಿ ಅಂದಿನ ಹೂವು ಏರಿಸಿಕೊಂಡು ಕೂತಿತ್ತು. ಹೊಸ ಟೋಪಿಯನ್ನು ಕಂಡು ಭಾವ ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಳ್ಳಲು ಹೋದರು. ಅತ್ತೆ ತಟ್ಟನೆ ಕೈ ಹಿಡಿದರು.

"ಕಣ್ಣಿಗೊತ್ಕೋಬ್ಯಾಡ, ತಲೆಗೆ ಹಾಕ್ಕೋ," ಎಂದರು. "ದುಡಿಯೋಕೆ ಬಂದದೆ, ದುಡೀಲಿ. ಹೊರಡು, ಹೊತ್ತಾಯ್ತು."