ಮರಳಿನ ನೆಲದ ಮೇಲೆ ಸೆರಾಫಿನಾ

ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದ ಹಳೆಯ ಮಾರುಕಟ್ಟೆಯಲ್ಲಿ ಸೆರಾಫಿನಾಳ ಅಡುಗೆಗೆ ಎಷ್ಟು ಹೆಸರೋ ಅವಳ ಸಿಟ್ಟಿಗೂ ಅಷ್ಟೇ ಹೆಸರು. ಸಾರಿಗೆ ಉಪ್ಪು ಸಾಲದು ಎಂದವನ ತಟ್ಟೆ ಕಿತ್ತುಕೊಂಡು ಬೆಕ್ಕಿಗೆ ಸುರಿದವಳು ಅವಳು.

ಅವಳ ತಾಯಿ ಯೆಹೂದಿ ವ್ಯಾಪಾರಿಯೊಬ್ಬನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಕರಿಯ ಹೆಂಗಸು. ಸೆರಾಫಿನಾಳ ಮೂಗು, ಹುಬ್ಬು ಆ ಯಜಮಾನನವೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಊರು ಬಾಯಿ ಬಿಡುತ್ತಿರಲಿಲ್ಲ. ಯಜಮಾನನ ಮಗ ಜೋಸಿಯಾಸನಿಗೂ ಗೊತ್ತಿತ್ತು. ಅಪ್ಪ ತೀರಿದ ಮೇಲೆ ಅವನು ಶುಕ್ರವಾರ ಶುಕ್ರವಾರ ಅವಳ ಅಂಗಡಿಗೆ ಬಂದು, ಜೋಳದ ಮುದ್ದೆ, ಕರಿದ ಮೀನು ಉಂಡು ಹೋಗುತ್ತಿದ್ದ. ಯಾರಾದರೂ ಜೊತೆಗಿದ್ದರೆ, ನಮ್ಮ ಸೆರಾಫಿನಾ ಒಳ್ಳೆಯ ಅಡುಗೆಯವಳು ಎನ್ನುತ್ತಿದ್ದ. ತಂಗಿ ಎಂಬ ಮಾತು ಅವನ ಬಾಯಿಂದ ಒಂದು ದಿನವೂ ಬರಲಿಲ್ಲ. ಅವಳು ಸಿಟ್ಟು ನುಂಗಿಕೊಂಡೇ ಬಡಿಸಿದಳು.

ಅವನು ಸತ್ತ ಸುದ್ದಿಯನ್ನು ಮೀನಿನವನ ಬಾಯಿಂದ ಕೇಳಬೇಕಾಯಿತು. ಅಷ್ಟು ಹೊತ್ತಿಗೆ ಮಣ್ಣೂ ಆಗಿಹೋಗಿತ್ತು.

ಏಳನೆಯ ದಿನದ ಪ್ರಾರ್ಥನೆಗೆ ಅವಳು ಕಪ್ಪು ಲಂಗ ಉಟ್ಟು ಯೆಹೂದಿಗಳ ಪ್ರಾರ್ಥನಾಮಂದಿರ ಸಿನಗಾಗಿಗೆ ಹೊರಟಳು. ಆ ಹಳದಿ ಗೋಡೆಯ ಪಕ್ಕದಲ್ಲೇ ಓಡಾಡಿ ಮುದುಕಿಯಾಗಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಜೋಸಿಯಾಸನ ಮಗಳು ರಾಕೆಲ್ ನಿಂತಿದ್ದಳು.

"ಬಂದಿದ್ದು ಒಳ್ಳೇದಾಯ್ತು. ಕೆಲಸದವರಿಗೆ ಅಂತ ಹಿಂದೆ ಬೆಂಚು ಬಿಟ್ಟಿದೀವಿ."

ಸೆರಾಫಿನಾ ನಡುದಾರಿಯಲ್ಲೇ ನಡೆದಳು. ಎಲ್ಲರೂ ತಿರುಗಿ ನೋಡುವಂತೆ ಕಾಲು ಅಪ್ಪಳಿಸಿದಳು. ಆದರೆ ಅಲ್ಲಿನ ವಾಡಿಕೆಯಂತೆ ನೆಲದ ತುಂಬ ಹರಡಿದ್ದ ಮರಳು ಸದ್ದನ್ನೆಲ್ಲ ಕುಡಿದುಬಿಟ್ಟಿತು. ಅದರ ಮೇಲೂ ಅವಳಿಗೆ ಸಿಟ್ಟು ಬಂತು. ಹೋಗಿ ಮನೆಯವರ ಬೆಂಚಿನಲ್ಲೇ ಕೂತಳು.

ಹಿರಿಯರೊಬ್ಬರು ಬಗ್ಗಿ, ಇದು ಕುಟುಂಬದವರ ಜಾಗ ಎಂದು ಪಿಸುಗುಟ್ಟಿದರು.

"ಗೊತ್ತು. ಅದಕ್ಕೇ ಕೂತಿರೋದು. ಸತ್ತಿರೋನು ನಮ್ಮಣ್ಣ. ಎತ್ತಿ ಹಾಕೋ ತಾಕತ್ತಿದ್ರೆ ಎತ್ತಿ ಹಾಕಿ, ನಾನಾಗಿ ಏಳಲ್ಲ."

ಅವಳಿಗೆ ಪಿಸುಗುಟ್ಟಿ ಅಭ್ಯಾಸವಿರಲಿಲ್ಲ. ಮೇಲಿನ ದೀಪದ ಗೊಂಚಲಿನವರೆಗೂ ಕೇಳಿಸಿತು. ಯಾರೂ ಎತ್ತಿಹಾಕಲಿಲ್ಲ. ಪ್ರಾರ್ಥನೆಯ ಭಾಷೆ ಅವಳಿಗೆ ತಿಳಿಯದು. ನಡುವೆ ಅಣ್ಣನ ಹೆಸರಿನ ಜೊತೆ ತನ್ನಪ್ಪನ ಹೆಸರು ಬಂದದ್ದು ಮಾತ್ರ ತಿಳಿಯಿತು. ಆಗ ಹಲ್ಲು ಕಚ್ಚಿ ಅತ್ತಳು.

ಕೆಲವು ವಾರ ಬಿಟ್ಟು ರಾಕೆಲ್ ಮಾರುಕಟ್ಟೆಗೆ ಬಂದಳು. ಊಟದ ಹೊತ್ತು, ಜನ ಕಿಕ್ಕಿರಿದಿತ್ತು. ಅಪ್ಪ ಉಣ್ಣುತ್ತಿದ್ದುದನ್ನೇ ತನಗೂ ಕೊಡಬೇಕೆಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಯಾರನ್ನ ಕೇಳ್ತಿದೀಯ?"

ರಾಕೆಲ್ ಅತ್ತಿತ್ತ ನೋಡಿದಳು. "ಅತ್ತೆ," ಎಂದಳು.

"ಕೇಳಿಸ್ಲಿಲ್ಲ. ಅಲ್ಲಿ ಮರಳಿತ್ತು, ಇಲ್ಲಿ ಕಲ್ಲು ಹಾಸಿದೆ. ಗಟ್ಟಿಯಾಗಿ ಹೇಳು."

"ಅತ್ತೆ, ಊಟ ಹಾಕು."

ಚಮಚಗಳ ಸದ್ದು ನಿಂತಿತು. ಸೆರಾಫಿನಾ ತಟ್ಟೆ ತುಂಬ ಬಡಿಸಿ ಮುಂದೆ ಕುಕ್ಕಿದಳು. ಸಿಟ್ಟೇನೂ ಇಳಿಯಲಿಲ್ಲ. ಹೇಳಬೇಕಾದವನು ಹೇಳದೆ ಉಂಡು ಹೋಗಿದ್ದ.