ಬಾಯಿಗೆ ಕಟ್ಟಿದ ಬಟ್ಟೆ

ಬ್ಯಾಡಗಿಯಲ್ಲಿ ನಮ್ಮ ಮನೆಯ ಹಿಂದೆ ಒಂದು ತಗಡಿನ ಶೆಡ್ ಇದೆ. ಪೇಟೆಯಿಂದ ಬಂದ ಒಣ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅಲ್ಲಿ ನಡೆಯುತ್ತದೆ. ಹಂಗಾಮಿನಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬೆಳಗಿನಿಂದ ಸಂಜೆಯವರೆಗೆ ರಾಶಿಯ ಸುತ್ತ ಕೂತಿರುತ್ತಾರೆ, ಅವರ ನಡುವೆ ನಾನೂ ನನ್ನ ಸೊಸೆಯೂ. ಹೊರಗಿನವರು ಬಾಗಿಲಿಗೆ ಬಂದು ನಿಂತರೆ ಸಾಕು, ಸೀನು ಶುರು. ನಮಗೆ ಆ ಘಾಟು ರೂಢಿ. ಆದರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳದೆ ಯಾರೂ ರಾಶಿಯ ಮುಂದೆ ಕೂರುವುದಿಲ್ಲ.

ನನ್ನ ಮೊಮ್ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಎರಡೂ ಕಿವಿಗೆ ಮಷೀನು ಹಾಕಿಸಿದೆವು. ಅದನ್ನು ಹಾಕಿದರೆ ದನಿ ಅಷ್ಟಿಷ್ಟು ಕೇಳುತ್ತದೆ. ಮಷೀನು ಹಾಕಿದ ಮರುದಿನವೇ ಹುಡುಗಿ ಪಟಪಟ ಮಾತಾಡುತ್ತಾಳೆಂದು ನಾನು ತಿಳಿದಿದ್ದೆ. ಹಾಗೇನೂ ಆಗಲಿಲ್ಲ.

ಯಾರೋ ಹೇಳಿದರೆಂದು ರಾಣೆಬೆನ್ನೂರಿನ ಶನಿವಾರದ ಕೂಟಕ್ಕೆ ಹೋಗತೊಡಗಿದೆವು. ಇಂಥ ಮಕ್ಕಳ ತಂದೆತಾಯಿಗಳೇ ಸೇರಿ ನಡೆಸುವ ಕೂಟ ಅದು. ಒಂದು ಸಮುದಾಯ ಭವನದಲ್ಲಿ ಜಮಖಾನೆ ಹಾಸಿ ಕೂರುತ್ತೇವೆ. ಹಾವೇರಿಯಿಂದ ಇಂಥ ಮಕ್ಕಳಿಗೆ ಕಲಿಸುವ ಒಬ್ಬ ಅಕ್ಕೋರು ಬಂದು ಆಟ ಆಡಿಸುತ್ತಾರೆ. ಡಬ್ಬಿ ಬಡಿದ ಸಪ್ಪಳ ಕೇಳಿದರೆ ಮಕ್ಕಳು ಬುಟ್ಟಿಗೆ ಚೆಂಡು ಹಾಕಬೇಕು, ಹೆಸರು ಕರೆದರೆ ಎದ್ದು ನಿಲ್ಲಬೇಕು. ‘ಮಾತಾಡುವಾಗ ಕೂಸಿನ ಮುಂದ ಕುಂದರ್ರಿ. ಕಿವಿಗೆ ಸಿಗದ್ದನ್ನ ಅದು ನಿಮ್ಮ ಬಾಯಿ ನೋಡಿ ತಿಳ್ಕೊಂತೈತಿ’ ಎಂದು ಅಕ್ಕೋರು ಪ್ರತಿ ಸಲ ಹೇಳುತ್ತಿದ್ದರು. ನಾವು ಪ್ರತಿ ಸಲ ಹೂಂ ಎನ್ನುತ್ತಿದ್ದೆವು.

ಕೂಟದಲ್ಲಿ ನನ್ನ ಮೊಮ್ಮಗಳು ಹುಲಿ. ಹೆಸರು ಕರೆದರೆ ಎದ್ದು ನಿಲ್ಲುತ್ತಿದ್ದಳು. ಚೆಂಡು, ನೀರು, ಬಾ, ಒಲ್ಲೆ ಎಂದು ತೊದಲುತ್ತಿದ್ದಳು. ಮನೆಗೆ ಬಂದರೆ ಮುಗಿಯಿತು. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಇಡೀ ದಿನ ನಮ್ಮ ಜೊತೆ ಶೆಡ್ಡಿನಲ್ಲೇ ಇದ್ದರೂ ಅವಳ ಬಾಯಿಂದ ಒಂದು ಶಬ್ದ ಬರುತ್ತಿರಲಿಲ್ಲ.

ನಾನು ಮಷೀನಿನ ಮೇಲೆ ಹರಿಹಾಯ್ದೆ. ‘ಇದು ಕೆಟ್ಟೈತಿ ನೋಡ್ರಿ ಅಕ್ಕೋರ, ರೊಕ್ಕ ತಗೊಂಡು ಹಾಳು ಸಾಮಾನು ಕೊಟ್ಟಾರ’ ಎಂದು ಹೋದಾಗಲೆಲ್ಲ ಜಗಳ ತೆಗೆದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ‘ಛಲೋ ಐತ್ರಿ ಆಯಿ, ಏನೂ ಆಗಿಲ್ಲ’ ಎಂದು ನಗುತ್ತಿದ್ದರು. ಅವರ ನಗು ನೋಡಿ ನನಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಒಂದು ದಿನ ಊಟಕ್ಕೆ ಕೂತಾಗ ಮಗ ಹೇಳಿದ. ‘ಅವ್ವಾ, ಹುಡುಗಿ ಮನ್ಯಾಗ ಮಾತಾಡವಲ್ಲಳು. ಜೂನ್ ತನಕ ನೋಡೂಣು. ಆಗಲಿಲ್ಲಂದ್ರ ಕಿವುಡ ಮಕ್ಕಳ ಹಾಸ್ಟೆಲ್ ಸಾಲಿಗೆ ಹಾಕೂದ. ಇಲ್ಲಿ ಸಾಲ್ಯಾಗ ಸುಮ್ಮನ ಕುಂತು ಏನ್ ಕಲೀತಾಳ?’

ಅವನ ಮಾತು ತಪ್ಪಲ್ಲ. ಅಂಥ ಶಾಲೆಯಲ್ಲಿ ಕಲಿತು ಮುಂದೆ ಬಂದ ಮಕ್ಕಳನ್ನು ನಾನೇ ಕೂಟದಲ್ಲಿ ಕಂಡಿದ್ದೇನೆ. ಆದರೆ ಅದು ಇದ್ದದ್ದು ದೂರದ ಊರಿನಲ್ಲಿ. ರಾತ್ರಿ ನನ್ನ ಸೆರಗು ಹಿಡಿದುಕೊಂಡು ಮಲಗುವ ಕೂಸು ಅಲ್ಲಿ ಯಾರ ಸೆರಗು ಹಿಡಿಯಬೇಕು? ನಾನು ತಾಟು ಸರಿಸಿದೆ. ಸೊಸೆ ಅಡುಗೆ ಆಗಿಹೋಗಿದ್ದರೂ ಎದ್ದು ಹೋಗಿ ಉಳ್ಳಾಗಡ್ಡಿ ಹೆಚ್ಚುತ್ತ ಕೂತಳು.

ಹಂಗಾಮು ಜೋರಾಗಿದ್ದಾಗ ಕೂಟದವರನ್ನೆಲ್ಲ ಒಂದು ಶನಿವಾರ ನಮ್ಮ ಮನೆಗೇ ಕರೆದೆ. ತಿನ್ನಲು ಗಿರ್ಮಿಟ್ಟು, ಮಿರ್ಚಿ ಭಜಿ, ಚಹಾ ಎಲ್ಲ ತಯಾರಿತ್ತು. ಬ್ಯಾಡಗಿಯವಳು ಮೆಣಸಿನಕಾಯಿ ತೋರಿಸದೆ ಮಂದಿಯನ್ನು ಕಳಿಸುತ್ತಾಳೆಯೇ? ಎಲ್ಲರನ್ನೂ ಮೆರವಣಿಗೆಯಂತೆ ಶೆಡ್ಡಿಗೆ ಕರೆದುಕೊಂಡು ಹೋದೆ.

ಕೆಂಪು ರಾಶಿ ನೋಡಿ ಮಕ್ಕಳು ಚಪ್ಪಾಳೆ ತಟ್ಟಿದವು. ಅಷ್ಟರಲ್ಲಿ ಒಬ್ಬರು ಸೀನಿದರು, ಆಮೇಲೆ ಎಲ್ಲರೂ. ಅಕ್ಕೋರ ಕಣ್ಣು ಮೂಗೆಲ್ಲ ನೀರು. ನಾನು ನಗುತ್ತ ಎಲ್ಲರಿಗೂ ಟವೆಲ್ ಹಂಚಿದೆ, ತಾಯಂದಿರೆಲ್ಲ ಮೂಗು ಬಾಯಿ ಮುಚ್ಚಿ ಕಟ್ಟಿಕೊಂಡರು.

ಒಂದು ಮಗು ತಾಯಿಯ ಹತ್ತಿರ ಹೋಗಿ ಅವಳ ಮುಖ ನೋಡುತ್ತ ನಿಂತಿತು. ತಾಯಿ ಬಟ್ಟೆಯೊಳಗಿಂದಲೇ ಏನೋ ಕೇಳಿದಳು. ಮಗು ಹೋ ಎಂದು ಅಳತೊಡಗಿತು. ಇನ್ನೊಂದು ತನ್ನ ತಾಯಿಯ ಟವೆಲ್ಲನ್ನು ಎರಡೂ ಕೈಯಿಂದ ಜಗ್ಗಿತು. ಅಕ್ಕೋರು ಟವೆಲ್ ಕಟ್ಟಿಕೊಂಡೇ ಹೆಸರು ಹಿಡಿದು ಕರೆದರು. ಒಂದು ಮಗುವೂ ತಿರುಗಲಿಲ್ಲ. ಘಾಟಿಗೆ ಅಳುತ್ತಿವೆ ಎಂದು ನಾನು ಮೊದಲು ತಿಳಿದೆ. ಆದರೆ ಅವು ಅಳುತ್ತ ಬಾಗಿಲ ಕಡೆ ಓಡುತ್ತಿರಲಿಲ್ಲ, ತಾಯಂದಿರ ಮುಖದ ಕಡೆಯೇ ಕೈ ಚಾಚುತ್ತಿದ್ದವು.

ನಮ್ಮವಳು ಮಾತ್ರ ಅಳಲಿಲ್ಲ. ಗೋಣಿಚೀಲದ ಪಕ್ಕ ನಮಗೆಲ್ಲ ಬೆನ್ನು ಹಾಕಿ ಕೂತು, ಬಿಡಿಸಿದ ತೊಟ್ಟುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಅವಳಿಗೆ ರೂಢಿಯಾಗಿತ್ತು.

ಇಷ್ಟು ದಿನ ನಾವು ಬಟ್ಟೆಯೊಳಗಿಂದಲೇ ಅವಳನ್ನು ಕರೆಯುತ್ತಿದ್ದೆವು. ಸೊಸೆಗೂ ಅದೇ ಕ್ಷಣಕ್ಕೆ ಹೊಳೆದಿರಬೇಕು. ಬಾಯಿಯ ಬಟ್ಟೆ ಕಿತ್ತೊಗೆದು ಮಗಳ ಮುಂದೆ ಹೋಗಿ ಕೂತಳು. ಕೆಮ್ಮುತ್ತಲೇ ಅವಳ ಹೆಸರು ಕರೆದಳು. ಹುಡುಗಿ ತಲೆ ಎತ್ತಿ ತಾಯಿಯ ಬಾಯಿಯನ್ನೇ ನೋಡಿ, ‘ಅವ್ವ’ ಎಂದಳು. ಸೊಸೆ ಅಲ್ಲೇ, ಎಲ್ಲರೆದುರೇ ಅತ್ತುಬಿಟ್ಟಳು. ಆ ದಿನ ಅವಳಿಗೆ ಉಳ್ಳಾಗಡ್ಡಿ ಬೇಕಾಗಲಿಲ್ಲ.

ಬಟ್ಟೆ ಬಿಟ್ಟರೆ ನಮ್ಮ ಕೆಲಸ ನಡೆಯುವುದಿಲ್ಲ. ಹಾಗಾಗಿ ಒಂದು ಪದ್ಧತಿ ಮಾಡಿದೆ. ಹುಡುಗಿಯ ಜೊತೆ ಮಾತಿದ್ದವರು ಅಂಗಳದ ಬೇವಿನ ಗಿಡದ ಕೆಳಗೆ ಹೋಗಬೇಕು, ಬಟ್ಟೆ ಇಳಿಸಿ, ಅವಳ ಮುಂದೆ ಕೂತು ಮಾತಾಡಬೇಕು. ಕೆಲಸದವರಿಗೆ ಒಳ್ಳೆಯ ನೆಪ ಸಿಕ್ಕಿತು. ‘ಆಯಿ, ನಂದೂ ಅಕಿ ಜೋಡಿ ಒಂದೀಟು ಮಾತೈತ್ರಿ’ ಎಂದು ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ‘ಹೋಗ್ರಿ, ರಾಶಿ ನಾ ಒಬ್ಬಾಕೀನ ಬಿಡಸ್ತೇನಿ’ ಎಂದು ಬೈಯುತ್ತಿದ್ದೆ. ಬೈಗುಳಕ್ಕೆ ಯಾರೂ ಹೆದರಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗಿಯೇ ಬಂದು ನಮ್ಮನ್ನು ಅಂಗಳಕ್ಕೆ ಎಳೆದೊಯ್ದು, ಬಟ್ಟೆ ಇಳಿಸಿ, ತಲೆ ಬಗ್ಗಿಸಿದವರ ಗದ್ದ ಹಿಡಿದು ಎತ್ತತೊಡಗಿದಳು.

ಜೂನ್ ಬಂತು. ಹಾಸ್ಟೆಲ್ಲಿನ ಮಾತನ್ನು ಮಗ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ‘ಮನ್ಯಾಗ ಮಾತಾಡ್ತಾಳ, ಖರೇ. ಹೊರಗಿನವರ ಜೋಡಿ?’ ಎನ್ನುತ್ತಿದ್ದ. ಸೇರಿಸಿಕೊಳ್ಳುತ್ತಾರೇನೋ ಒಮ್ಮೆ ಕೇಳಿಯಾದರೂ ನೋಡೋಣ ಎಂದು ನಾಲ್ವರೂ ನಮ್ಮ ಓಣಿಯ ಹತ್ತಿರದ ಶಾಲೆಗೆ ಹೋದೆವು.

ಹೆಡ್ ಮಾಸ್ತರರು ಏನೋ ಬರೆಯುತ್ತಿದ್ದರು. ತಲೆ ಎತ್ತದೆ, ‘ನಿನ್ನ ಹೆಸರೇನವಾ?’ ಎಂದರು. ಹುಡುಗಿ ಸುಮ್ಮನಿದ್ದಳು. ಬರೆಯುತ್ತಲೇ ಮತ್ತೊಮ್ಮೆ ಕೇಳಿದರು. ಮತ್ತೂ ಸುಮ್ಮನೆ. ಮಗ ನನ್ನ ಮುಖ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸೊಸೆ ನನ್ನ ಕೈ ಅದುಮಿದಳು.

ಹುಡುಗಿ ಟೇಬಲ್ಲು ಸುತ್ತಿ ಆಚೆ ಹೋದಳು. ಮಾಸ್ತರರ ಗದ್ದಕ್ಕೆ ಕೈ ಹಚ್ಚಿ, ಮುಖ ತನ್ನ ಕಡೆ ಎತ್ತಿದಳು.

ಅವರ ಪೆನ್ನು ನಿಂತಿತು. ಸಿಟ್ಟಾಗಬಹುದೆಂದು ನಾನು ಅಂಜಿದೆ. ಅವರು ಅವಳನ್ನೇ ನೋಡುತ್ತ, ‘ಹೆಸರೇನವಾ ನಿಂದು?’ ಎಂದರು. ಅವಳು ಹೇಳಿದಳು. ನಡುವಿನ ಅಕ್ಷರ ಎಂದಿನಂತೆ ನುಂಗಿಹೋಯಿತು, ಆದರೂ ಅದು ಅವಳ ಹೆಸರೇ. ಹೇಳಿ, ಗದ್ದ ಬಿಡದೆ ಕೇಳಿದಳು, ‘ನಿಂದು?’

ಮಾಸ್ತರರು ಪೆನ್ನು ಕೆಳಗಿಟ್ಟು, ಬಾಯಿ ಅಗಲಿಸಿ ನಿಧಾನವಾಗಿ ತಮ್ಮ ಹೆಸರು ಹೇಳಿದರು. ಆಮೇಲೆಯೇ ಅವಳು ಕೈ ತೆಗೆದದ್ದು. ನನಗೆ ಕುಣಿಯಬೇಕೆನ್ನಿಸಿತು, ಮೊಣಕಾಲು ನೆನಪಾಗಿ ಸುಮ್ಮನಾದೆ.

ಮಗ ಒಂದು ಹೆಜ್ಜೆ ಮುಂದೆ ಬಂದ. ‘ಸರ, ಮುಂದಿನ ಸಾಲಿನ್ಯಾಗ ಕುಂದರಸ್ರಿ’ ಎಂದ. ‘ಅಕಿಗೆ ನಿಮ್ಮ ಮಾರಿ ಕಾಣಬೇಕ್ರಿ.’