ಹಗ್ಗ ಇಟ್ಟುಕೊಂಡು ಕಳಿಸಿದ್ದು

ಆಷಾಢದ ಒಂದು ಮಧ್ಯಾಹ್ನ. ಶಿಕಾರಿಪುರದ ನನ್ನ ಮೈಕ್ ಸೆಟ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಮಡಚಿಟ್ಟ ಶಾಮಿಯಾನದ ಗಂಟುಗಳ ಮೇಲೆ ಎಲ್ಲರೂ ಕೂತಿದ್ದೆವು. ನಮ್ಮೂರ ರಾಕ್ ಬ್ಯಾಂಡಿನ ಹಾಡುಗಾರ, ಅವನ ತಾಯಿ, ತಾಳಗುಂದದಿಂದ ಬೈಕಿನಲ್ಲಿ ಬರುವ ಡ್ರಮ್ಮಿನವನು, ಸೊರಬದ ಕಡೆಯ ಹಳ್ಳಿಯ ಗಿಟಾರಿನವನು, ಮತ್ತೆ ನಾನು. ತಾಯಿ ಮಂಡಕ್ಕಿ-ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದಿದ್ದರು. ಬೇರೆ ದಿನವಾದರೆ ಕಾಗದವೂ ಉಳಿಯುತ್ತಿರಲಿಲ್ಲ. ಅಂದು ಮೆಣಸಿನಕಾಯಿ ಆರಿ ತಣ್ಣಗಾಗಿತ್ತು.

ಗಿಟಾರಿನವನಿಗೆ ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತ್ತು. ಡಿಪೋ ಬೀದರಿನ ಕಡೆ. ಅಪ್ಪ-ಅಮ್ಮ ಖುಷಿಪಟ್ಟಿದ್ದರು, ಹೆಣ್ಣು ಕೊಡುವವರೂ ವಿಚಾರಿಸತೊಡಗಿದ್ದರು. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹಾಡುಗಾರನೂ ಬೇಡ ಅನ್ನಲಿಲ್ಲ. ಆದರೆ ಇಬ್ಬರೂ ಕಾಲೇಜಿನ ಬೆಂಚಿನಿಂದ ಜೊತೆಗಿದ್ದವರು. ಒಬ್ಬನ ಗಂಟಲು, ಇನ್ನೊಬ್ಬನ ಬೆರಳು, ಎರಡೂ ಸೇರಿ ಒಂದು ಬ್ಯಾಂಡು. ಒಂದು ಹೋದರೆ ಇನ್ನೊಂದು ಏನು ಮಾಡಬೇಕು?

"ಕಾಕಾ, ಗಣಪತಿ ಹಬ್ಬಕ್ಕೆ ಆನವಟ್ಟಿ ಪೆಂಡಾಲಿಗೆ ಒಪ್ಕಂಡೀವಿ. ಅಲ್ಲಿ ಜನ ಕೇಳಿದ್ರೆ ನಡೆಸ್ತೀವಿ. ಕೇಳ್ಲಿಲ್ಲಾಂದ್ರ ಆಂಪ್ಲಿಫೈಯರ್ ನೀವೇ ಇಟ್ಕಳ್ರಿ, ಮದುವಿ ಮನ್ಯಾಗ ಸನಾದಿ ಹಾಕಾಕ ಬರ್ತೈತಿ" ಎಂದ ಹಾಡುಗಾರ. ನಗಿಸಲು ಹೇಳಿದ್ದು, ಯಾರೂ ನಗಲಿಲ್ಲ.

ಗಿಟಾರಿನವನು ಎದ್ದು ವಾದ್ಯವನ್ನು ಚೀಲಕ್ಕೆ ತುಂಬತೊಡಗಿದ. ಆಗ ಹಾಡುಗಾರನ ತಾಯಿ ಕೈ ಅಡ್ಡ ಹಿಡಿದರು.

"ಗಿಟಾರಿನ ಬೆಲ್ಟ್ ಬಿಚ್ಚಿಟ್ಟು ಹೋಗಪ್ಪಾ."

"ಯಾಕಮ್ಮಾ?"

"ಯಾಕಂದ್ರ? ದನ ಮಾರಿದ್ರೆ ಹಗ್ಗ ಕೊಟ್ಟು ಕಳಿಸ್ತಾರೇನು? ಹಗ್ಗ ಹೋದ್ರೆ ಕೊಟ್ಟಿಗಿ ಭಾಗ್ಯಾನೇ ಹೋತು."

"ಅಮ್ಮಾ, ನಾನೇನು ದನ ಆದ್ನಾ ನಿಮ್ಗೆ?"

"ದನ ಅಂದ್ರ ಸಣ್ಣ ಮಾತಾತಾ ನಿನಗ? ಲಕ್ಷ್ಮಿ ಅದು. ಬಿಚ್ಚು."

ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಮಾತೇ. ಆಕಳು ಮಾರಿದರೆ ಕೊರಳ ಕಣ್ಣಿಯನ್ನು ಬಿಚ್ಚಿ ಗೂಟಕ್ಕೆ ಹಾಕಿಕೊಳ್ಳುತ್ತಾರೆ. ಕೊಂಡವನು ತನ್ನ ಹೊಸ ಹಗ್ಗ ತಂದಿರಬೇಕು. "ಹಗ್ಗ ಮನೆಯಲ್ಲಿದ್ದರೆ ಕರು ದಾರಿ ಕೇಳಿಕೊಂಡು ಬರುತ್ತದೆ" ಎನ್ನುತ್ತಿದ್ದರು ನಮ್ಮಜ್ಜಿ. ಆದರೆ ಗಿಟಾರಿಗೆ ಆ ಶಾಸ್ತ್ರ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅವನು ಬಿಚ್ಚಿದ. ಬೆವರು ಕುಡಿದು ಕಪ್ಪಿಟ್ಟ ಕೆಂಪು ಬೆಲ್ಟು. ನಾನು ಅದನ್ನು ಗೋಡೆಯ ಮೊಳೆಗೆ ನೇತುಹಾಕಿದೆ. ಅವನು ಚೀಲದ ಸಮೇತ ಗಿಟಾರನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದ.

ಸುದ್ದಿ ಹಬ್ಬಿದ ಮೇಲೆ ನನ್ನ ಅಂಗಡಿ ಪಂಚಾಯಿತಿ ಕಟ್ಟೆಯಾಯಿತು. ಈ ಬ್ಯಾಂಡಿನ ಅಭಿಮಾನಿಗಳದ್ದು ಎರಡು ಪಂಗಡ. ಸೊರಬ, ಆನವಟ್ಟಿಯವರು ಮೊದಲನೇ ಬೆಳೆಯವರು. ಬ್ಯಾಂಡು ಶುರುವಾದಾಗ ಡ್ರಮ್ಮೂ ಇರಲಿಲ್ಲ, ಲೈಟೂ ಇರಲಿಲ್ಲ; ಒಂದು ಸಣ್ಣ ಸ್ಪೀಕರು, ಒಂದು ಗಿಟಾರು, ಒಂದು ದನಿ. ಅದೇ ನಿಜವಾದ ಬ್ಯಾಂಡು ಎಂದು ಅವರ ವಾದ. ಶಿಕಾರಿಪುರದವರು ಎರಡನೇ ಬೆಳೆಯವರು. ಡ್ರಮ್ಮು ಬಂದು, ನನ್ನ ದೊಡ್ಡ ಸ್ಪೀಕರುಗಳು ಸೇರಿ, ಕೂತ ಕುರ್ಚಿ ನಡುಗುವಂತಾದ ಮೇಲೆಯೇ ಅದು ಬ್ಯಾಂಡಾದದ್ದು ಎಂದು ಇವರ ಹಟ. ಬೆಳೆ ಎಂಬ ಹೆಸರನ್ನು ಯಾರು ಇಟ್ಟರೋ ಗೊತ್ತಿಲ್ಲ, ರೈತಾಪಿ ಊರಿನಲ್ಲಿ ಬೇರೆ ಹೆಸರು ಹುಟ್ಟುವುದಾದರೂ ಹೇಗೆ?

ಮೊದಲನೇ ಬೆಳೆಯವರ ಮುಖಂಡರು ಆನವಟ್ಟಿಯ ಹಗ್ಗದ ಅಂಗಡಿಯ ಯಜಮಾನರು. ಮೂಗುದಾರ, ಕಣ್ಣಿ, ಹೋರಿಯ ಕೊರಳಿನ ಗೆಜ್ಜೆಪಟ್ಟಿ, ಎಲ್ಲ ಅವರಲ್ಲಿ ಸಿಗುತ್ತದೆ. ವಯಸ್ಸು ಅರವತ್ತು ದಾಟಿದ್ದರೂ ರಾಕ್ ಹಾಡೆಂದರೆ ಮುಂದಿನ ಸಾಲೇ ಬೇಕು. ಶಿಕಾರಿಪುರದ ಪರವಾಗಿ ನಿಲ್ಲುತ್ತಿದ್ದವರು ನನ್ನ ಪಕ್ಕದ ಬೇಕರಿಯವರು. ಅವರಿಬ್ಬರು ಎದುರುಬದುರಾದರೆ ನಮಗೆಲ್ಲ ಚಹಾದ ಜೊತೆಗೆ ಪುಕ್ಕಟೆ ನಾಟಕ.

"ನಿಮ್ ಎರಡನೇ ಬೆಳೆ ಅಂದ್ರೆ ಬರೀ ಗೊಬ್ಬರದ ಬೆಳೆ ಮಾರಾಯ್ರೆ. ಎತ್ತರ ಬರ್ತದೆ, ಕಾಳಿಲ್ಲ" ಎಂದರು ಯಜಮಾನರು.

"ಅಲ್ರೀ, ನಿಮ್ ಮೊದಲ್ನೇ ಬೆಳ್ಯಾಗ ಎಷ್ಟು ಮಂದಿ ಬರ್ತಿದ್ರು? ಗುಡವಿ ಕೆರೆ ಹಕ್ಕಿ ಹೆಚ್ಚಿಗಿ ಇರ್ತಿದ್ವು" ಎಂದರು ಬೇಕರಿಯವರು.

"ಹಕ್ಕಿ ಸುಮ್ನೆ ಕೂತು ಕೇಳ್ತಾವೆ. ನಿಮ್ಮೋರು ಶಿಳ್ಳೆ ಹೊಡಿಯೋದ್ರಲ್ಲಿ ಹಾಡೇ ಕೇಳಲ್ಲ."

"ಈಗ ಮೂರನೇ ಬೆಳಿ ಬರಾಕತ್ತೈತಿ ನೋಡ್ರಿ. ಡ್ರಮ್ಮಿನೋನ ಚಿಕ್ಕಪ್ಪನ ಮಗಳಂತ, ಬಿ.ಎಡ್. ಓದಾಕತ್ತಾಳ, ಗಿಟಾರ್ ಹಿಡೀತಾಳ."

ಯಜಮಾನರು ಲೋಟ ಕೆಳಗಿಟ್ಟರು. "ಮೂರನೇದು ಬೇಸಿಗೆ ಬೆಳೆ. ನೀರಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಆ ಹುಡುಗ ಹೋದ ಮೇಲೆ ನಮ್ ಪಾಲಿಗೆ ಬ್ಯಾಂಡ್ ಮುಗೀತು. ಪೆಂಡಾಲು ನಮ್ಮೂರದ್ದು, ಹಂಗಾಗಿ ಬರ್ತೀವಿ. ಬಂದು ಕುರ್ಚಿ ಆಚೆ ತಿರುಗಿಸ್ಕಂಡು ಕೂರ್ತೀವಿ."

ಹಾಡುಗಾರ ಬಾಗಿಲ ಬಳಿ ನಿಂತು ಕೇಳಿಸಿಕೊಂಡ. ಹಾಗೇ ಹೊರಟುಹೋದ.

ಗಣಪತಿ ಹಬ್ಬ ಬಂತು. ಆನವಟ್ಟಿಯಲ್ಲಿ ಸಂಜೆಯ ಬೆಳಕು ಇನ್ನೂ ಇರುವಾಗಲೇ ಪೆಂಡಾಲು ತುಂಬಿತು. ನಾನು ಮಿಕ್ಸರಿನ ಮುಂದೆ ಕೂತೆ. ಹೇಳಿದಂತೆಯೇ ಯಜಮಾನರೂ ಅವರ ಬಳಗವೂ ಮುಂದಿನ ಸಾಲಿನ ಕುರ್ಚಿಗಳನ್ನು ತಿರುಗಿಸಿ, ವೇದಿಕೆಗೆ ಬೆನ್ನು ಹಾಕಿ ಕೂತರು. ಕೋಪಗೊಂಡವರು ಹಿಂದಿನ ಸಾಲಿನಲ್ಲಿ ಕೂರಬಹುದಿತ್ತಲ್ಲ! ಇಲ್ಲ, ಮುಂದಿನ ಸಾಲೇ ಬೇಕು, ಬೆನ್ನೂ ಹಾಕಬೇಕು. ಅವರ ಹಿಂದೆ ಕೂತಿದ್ದ ಹೆಂಗಸರಿಗೆ ವೇದಿಕೆಗಿಂತ ಈ ಗಂಟುಮೋರೆಗಳನ್ನು ನೋಡುವುದೇ ಮಜವಾಗಿತ್ತು.

ಹೊಸ ಹುಡುಗಿ ಗಿಟಾರು ಹಾಕಿಕೊಂಡು ಬಂದಳು. ಗಿಟಾರು ಅವಳದು, ಬೆಲ್ಟು ನನ್ನ ಗೋಡೆಯ ಮೊಳೆಯದು. ಅದನ್ನೇ ಹಾಕಿಕೊಳ್ಳಬೇಕೆಂದು ಹಾಡುಗಾರನ ತಾಯಿ ಪಟ್ಟು ಹಿಡಿದಿದ್ದರು. ಹಳಬ ಆರಡಿ ಆಳು, ಈಕೆ ಅವನ ಹೆಗಲಿಗೂ ಬರುವುದಿಲ್ಲ. ಬೆಲ್ಟಿನ ಬಕಲ್ ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಉದ್ದ ತಗ್ಗಿಸಲು ಅದಕ್ಕೊಂದು ನೈಲಾನ್ ದಾರ ಸುತ್ತಿ ಗಂಟು ಹಾಕಿದ್ದಳು.

ಮೊದಲ ಹಾಡು ಹೇಗೋ ಮುಗಿಯಿತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು. ಹಾಡುಗಾರನ ದನಿ ಒಣಗಿತ್ತು, ನನಗೆ ಮಿಕ್ಸರಿನಲ್ಲೇ ಗೊತ್ತಾಗುತ್ತಿತ್ತು. ಎರಡನೆಯ ಹಾಡಿನಲ್ಲಿ ಗಿಟಾರು ಇಳಿಯತೊಡಗಿತು. ಹೊಟ್ಟೆಯ ಮೇಲಿದ್ದದ್ದು ಸೊಂಟಕ್ಕೆ ಬಂತು, ಸೊಂಟದಿಂದ ತೊಡೆಗೆ. ಹುಡುಗಿ ಬಗ್ಗಿ ಬಗ್ಗಿ ನುಡಿಸಿದಳು, ಮೊಣಕಾಲಿಗೆ ಬಂದಾಗ ನಿಲ್ಲಿಸಿಬಿಟ್ಟಳು. ಹಾಡೂ ನಿಂತಿತು. ಪೆಂಡಾಲಿನಲ್ಲಿ ಯಾರೋ ಕಿಸಕ್ಕೆಂದರು.

ಗಿಟಾರು ನಿಂತ ಕೂಡಲೇ ಯಜಮಾನರು ಕತ್ತು ತಿರುಗಿಸಿದರು. ನೋಡಿದವರೇ ಎದ್ದರು.

"ಅಯ್ಯೋ ಇವ್ರ! ಜಾರುಗಂಟು ಹಾಕಿದಾರಲ್ಲ ಮಾರಾಯ್ರೆ! ಭಾರ ಬೀಳೋ ಜಾಗಕ್ಕೆ ಯಾರಾದ್ರೂ ಜಾರುಗಂಟು ಹಾಕ್ತಾರಾ?"

ಪಂಚೆ ಎತ್ತಿ ಕಟ್ಟಿ ವೇದಿಕೆ ಹತ್ತಿಯೇ ಬಿಟ್ಟರು. ಕೋಪವಿದ್ದರೂ ಕೆಟ್ಟ ಗಂಟನ್ನು ಕಣ್ಣೆದುರು ಬಿಟ್ಟು ಕೂರುವ ಜೀವ ಅಲ್ಲ ಅದು. "ನಿಲ್ಲು ತಂಗಿ, ಅಲ್ಲಾಡ್ಬೇಡ" ಎಂದು ದಾರ ಬಿಚ್ಚಿ, ಬೆಲ್ಟನ್ನು ಮಡಚಿ, ಹೋರಿ ಕಟ್ಟುವ ಗಂಟು ಹಾಕತೊಡಗಿದರು. ಹಾಕುತ್ತಾ ಹಾಕುತ್ತಾ ಕೈ ನಿಂತಿತು. ಬೆಲ್ಟಿನ ತುದಿಯಲ್ಲಿ ದಬ್ಬಳದಿಂದ ಹೊಲಿದ ದಪ್ಪ ಹೊಲಿಗೆಯಿತ್ತು. ಹಿಂದೊಮ್ಮೆ ಇದೇ ಊರಲ್ಲಿ ಬೆಲ್ಟು ಕಿತ್ತುಹೋದಾಗ ಅಂಗಡಿಗೆ ಓಡಿ ಹೋಗಿ ಹೊಲಿದು ತಂದವರು ಅವರೇ.

ಮೈಕು ಹತ್ತಿರವೇ ಇತ್ತು. ಮಾತು ಪೆಂಡಾಲಿಗೆಲ್ಲ ಕೇಳಿಸಿತು.

"ಇದು ಅವನದ್ದಲ್ವನಾ?"

"ಹೌದ್ರಿ," ಎಂದ ಹಾಡುಗಾರ. "ಹೋಗುವಾಗ ನಮ್ಮವ್ವ ಬಿಚ್ಚಿಸಿ ಇಟ್ಕಂಡ್ಳು. ಹಗ್ಗ ಕೊಡಬಾರ್ದಂತ."

ಯಜಮಾನರು ಕೆಳಗೆ ಕೂತಿದ್ದ ಆ ತಾಯಿಯ ಕಡೆ ನೋಡಿದರು. ತಾಯಿ ಸೆರಗು ಸರಿಮಾಡಿಕೊಂಡು, ಮತ್ತೇನು ಮಾಡಬೇಕಿತ್ತು ಎನ್ನುವಂತೆ ಮುಖ ಮಾಡಿದರು. ಮುದುಕರಿಗೆ ನಗು ತಡೆಯಲಾಗಲಿಲ್ಲ.

"ಹಂಗಾದ್ರೆ ಕೊಟ್ಟಿಗೆ ಖಾಲಿ ಆಗಿಲ್ಲ ಬಿಡಿ" ಎಂದು ಗಂಟು ಬಿಗಿದು, ಒಮ್ಮೆ ಜಗ್ಗಿ ನೋಡಿ, ಇಳಿದು ಬಂದರು. ತಮ್ಮ ಕುರ್ಚಿಯನ್ನು ವೇದಿಕೆಯ ಕಡೆ ತಿರುಗಿಸಿ ಕೂತರು. ಬಳಗದ ಕುರ್ಚಿಗಳೂ ಒಂದೊಂದಾಗಿ ಕಿರ್ರೆಂದು ತಿರುಗಿದವು. ಹಾಡುಗಾರ ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಎತ್ತಿಕೊಂಡ. ಆ ಹುಡುಗಿಯ ಬೆರಳು ಹಳಬನ ಬೆರಳಲ್ಲ, ಬೇರೆಯದೇ ನಡೆ. ಯಜಮಾನರು ಅರ್ಧ ಹಾಡಿನವರೆಗೆ ಕೈ ಕಟ್ಟಿಕೊಂಡೇ ಕೇಳಿದರು. ಆಮೇಲೆ ತೊಡೆಯ ಮೇಲೆ ತಾಳ ಬಿತ್ತು.

ಸಾಮಾನು ಗಾಡಿಗೆ ತುಂಬುವಾಗ ಯಜಮಾನರು ಬಂದು ನನ್ನ ಕೈ ಹಿಡಿದರು. "ಅಲ್ಲ, ಇದನ್ನೇನೋ ಇಟ್ಕಂಡ್ರಿ. ಅವನಿಗೆ ಹೊಸ ಹಗ್ಗ ಯಾರು ಕೊಟ್ರು?"

ಯಾರೂ ಕೊಟ್ಟಿರಲಿಲ್ಲ. ಹಾಡುಗಾರನಾಗಲಿ ಅವನ ತಾಯಿಯಾಗಲಿ ನಾನಾಗಲಿ ಅದನ್ನು ಯೋಚಿಸಿಯೇ ಇರಲಿಲ್ಲ. ಅವನು ಅಲ್ಲಿ ಮಂಚದ ಮೇಲೆ ಕೂತು ನುಡಿಸುತ್ತಾನಂತೆ ಎಂದೆ.

"ಛೇ, ಬರೀ ಕೊರಳಲ್ಲಿ ಕಳಿಸಿದ್ರಾ?" ಎಂದು ತಲೆಯಾಡಿಸುತ್ತಾ ಹೋದರು.

ಕೆಲವು ದಿನಗಳ ಮೇಲೆ ನನ್ನ ಅಂಗಡಿಗೆ ಬಂದು ಪೇಪರಿನ ಪೊಟ್ಟಣ ಬಿಚ್ಚಿದರು. ಹೋರಿಯ ಕೊರಳಪಟ್ಟಿಯ ಹಾಗೆ ಅಗಲವಾಗಿ ಹೆಣೆದ ಬೆಲ್ಟು, ಅಂಚಿಗೆ ಕೆಂಪು ನೂಲು. "ಒಂದೇ ಒಂದು ಗೆಜ್ಜೆ ಹಾಕ್ಲಾ?" ಎಂದು ಕೇಳಿದರು. ಮೈಕಿಗೆ ಸದ್ದು ಹೊಡೆಯುತ್ತದೆ, ಬೇಡ ಎಂದೆ. ತಲೆಯಾಡಿಸಿದರು.

ಪೊಟ್ಟಣ ಅಂಚೆಯಲ್ಲಿ ಹೋಗಲಿಲ್ಲ. ಡ್ರೈವರಿಗೆ ಹೋಗುವುದು ಡ್ರೈವರುಗಳ ಕೈಯಲ್ಲೇ ಹೋಗಲಿ ಎಂದರು ಬೇಕರಿಯವರು. ಅವರೇ ಹುಬ್ಬಳ್ಳಿ ಬಸ್ಸಿನವರಿಗೆ ಕೊಟ್ಟು, ಜೊತೆಗೊಂದು ಪೊಟ್ಟಣ ತಮ್ಮ ಬೇಕರಿಯ ಖಾರವನ್ನೂ ಇಟ್ಟರು. ಅಲ್ಲಿಂದ ಮುಂದೆ ಯಾವ ಯಾವ ಬಸ್ಸಿನ ಸೀಟಿನ ಹಿಂದೆ ಕೂತು ಹೋಯಿತೋ.

ಕಾರ್ತಿಕದಲ್ಲಿ ಹಾಡುಗಾರನ ಫೋನಿಗೆ ಒಂದು ವಿಡಿಯೊ ಬಂತು. ಯಜಮಾನರು ನನ್ನ ಅಂಗಡಿಯಲ್ಲಿ ಕೂತಿದ್ದಾಗಲೇ ತಂದು ತೋರಿಸಿದ. ಡಿಪೋದ ಅಂಗಳ, ತೊಳೆದು ನಿಲ್ಲಿಸಿದ ಬಸ್ಸು, ಅದರ ಮುಂದೆ ಖಾಕಿ ಅಂಗಿಯಲ್ಲಿ ನಿಂತುಕೊಂಡು ನಮ್ಮ ಹುಡುಗ ನುಡಿಸುತ್ತಿದ್ದ. ನಡುನಡುವೆ ಒಂದು ಗೆಜ್ಜೆ ಘಲ್ಲೆನ್ನುತ್ತಿತ್ತು. ನಾನು ಯಜಮಾನರ ಕಡೆ ನೋಡಿದೆ. ಅವರು ಬೀದಿಯ ಕಡೆ ನೋಡಿದರು.

"ಸಣ್ಣಗೆ ಕೇಳ್ತದೆ ಮಾರಾಯ್ರೆ," ಎಂದರು ಆಮೇಲೆ.

ನಾನು ಫೋನಿಗೆ ವೈರು ಸಿಕ್ಕಿಸಿ ದೊಡ್ಡ ಸ್ಪೀಕರಿಗೆ ಹಾಕಿದೆ. ಬೇಕರಿಯವರು ಗಲ್ಲಾ ಬಿಟ್ಟು ಎದ್ದು ಬಂದರು.